ಬ್ಲ್ಯಾಕ್‌ವೆಲ್ ಕುಟುಂಬ

ಬ್ಲ್ಯಾಕ್‌ವೆಲ್ ಕುಟುಂಬ : 1832ರಲ್ಲಿ ಇಂಗ್ಲೆಂಡಿನ ಬ್ರಿಸ್ಟಲ್ ನಗರವನ್ನು ಬಿಟ್ಟು ಅಮೆರಿಕದಲ್ಲಿ ನೆಲೆನಿಂತ ಸಕ್ಕರೆ ವ್ಯಾಪಾರಿಗಳ ಮನೆತನ. ಅಮೆರಿಕದಲ್ಲಿ ವೈದ್ಯಕೀಯ ಪದವಿ ಪಡೆದ ಮೊದಲ ಮಹಿಳೆ ಎಲಿಜಬೆತ್ ಬ್ಲ್ಯಾಕ್‌ವೆಲ್ (1821–1910) ಈ ಮನೆಯ ಮೂರನೆಯ ಮಗಳು. ಅವಳ ತಂಗಿ ಎಮಿಲಿಯೂ ವೈದ್ಯೆ. ಮಹಿಳಾ ಮತಾಧಿಕಾರ ಚಳವಳಿಯ ನಾಯಕಿ ಲೂಸಿ ಸ್ಟೋನ್ ಮತ್ತು ಅಮೆರಿಕದಲ್ಲಿ ಪಾದ್ರಿ ದೀಕ್ಷೆ ಪಡೆದ ಮೊದಲ ಮಹಿಳೆ ಆಂಟನೆಟ್ ಬ್ರೌನ್ ಈ ಮನೆಗೆ ಬಂದ ಸೊಸೆಯರು. ಎಲಿಜಬೆತ್‌ಳ ಬದುಕನ್ನು ಒಬ್ಬಂಟಿ ಸಾಹಸದ ಕಥೆಯಾಗಿ ಹೇಳುವುದು ರೂಢಿ. ಕುಟುಂಬದ ಕಾಗದಪತ್ರಗಳನ್ನು ನೋಡಿದರೆ ಬೇರೆಯೇ ಚಿತ್ರ ಕಾಣುತ್ತದೆ. ಅವಳ ಓದಿನ ಖರ್ಚಿನಲ್ಲಿ, ಕಣ್ಣು ಹೋದಾಗಿನ ಆರೈಕೆಯಲ್ಲಿ, ಆಸ್ಪತ್ರೆಯ ದೈನಂದಿನ ದುಡಿಮೆಯಲ್ಲಿ ಒಡಹುಟ್ಟಿದವರ ಪಾಲು ಇತ್ತು. ಆದ್ದರಿಂದ ಅವಳ ಚರಿತ್ರೆಯನ್ನು ಇಡೀ ಮನೆಯ ಚರಿತ್ರೆಯಾಗಿ ಓದುವುದೇ ಸರಿ.

ಬ್ರಿಸ್ಟಲ್‌ನ ಮನೆ

ಎಲಿಜಬೆತ್‌ಳ ತಂದೆ ಸ್ಯಾಮ್ಯುಯೆಲ್ ಬ್ಲ್ಯಾಕ್‌ವೆಲ್ ಸಕ್ಕರೆ ಶುದ್ಧೀಕರಣದ ಕಾರ್ಖಾನೆ ನಡೆಸುತ್ತಿದ್ದ. ಇದು ಕಬ್ಬು ಅರೆದು ಬೆಲ್ಲ ಕಾಯಿಸುವ ನಮ್ಮ ಆಲೆಮನೆಯಂಥದಲ್ಲ. ಕಬ್ಬು ಬೆಳೆಯುವುದು, ಅರೆಯುವುದು, ಮೊದಲ ಸಲ ಕುದಿಸುವುದು ಎಲ್ಲವೂ ಸಾವಿರಾರು ಮೈಲಿ ದೂರದ ವೆಸ್ಟ್ ಇಂಡೀಸ್ ದ್ವೀಪಗಳಲ್ಲಿ, ಗುಲಾಮರ ಕೈಯಿಂದ ನಡೆಯುತ್ತಿತ್ತು. ಅಲ್ಲಿಂದ ಪೀಪಾಯಿಗಳಲ್ಲಿ ಬಂದ ಕಂದು ಬಣ್ಣದ ಕಚ್ಚಾ ಸಕ್ಕರೆಯನ್ನು ಬ್ರಿಸ್ಟಲ್‌ನಲ್ಲಿ ಮತ್ತೆ ಕರಗಿಸಿ, ಕೊಳೆ ತೆಗೆದು, ಕುದಿಸಿ, ಶಂಕುವಿನಾಕಾರದ ಅಚ್ಚುಗಳಿಗೆ ಹೊಯ್ದು ಬಿಳಿಯ ಗಟ್ಟಿ ಮಾಡುತ್ತಿದ್ದರು. ಹಿಂದಿನ ಶತಮಾನದಲ್ಲಿ ಬ್ರಿಸ್ಟಲ್ ಗುಲಾಮ ವ್ಯಾಪಾರದ ದೊಡ್ಡ ಬಂದರಾಗಿತ್ತು. 1807ರಲ್ಲಿ ಬ್ರಿಟಿಷ್ ಸಂಸತ್ತು ಆ ವ್ಯಾಪಾರವನ್ನು ನಿಷೇಧಿಸಿದ ಮೇಲೂ ದ್ವೀಪಗಳಲ್ಲಿ ಗುಲಾಮಗಿರಿ ಉಳಿದಿತ್ತು, ಸಕ್ಕರೆ ಬರುತ್ತಲೇ ಇತ್ತು.

ಸ್ಯಾಮ್ಯುಯೆಲ್ ಗುಲಾಮಗಿರಿಯ ಕಡು ವಿರೋಧಿ. ಊಟದ ಮೇಜಿನಲ್ಲಿ ಅದನ್ನು ಖಂಡಿಸುವ ಮನುಷ್ಯನೇ ಬೆಳಗಾದರೆ ಗುಲಾಮರು ಬೆಳೆದ ಸಕ್ಕರೆಯನ್ನು ಕುದಿಸಲು ಹೋಗುತ್ತಿದ್ದ. ಈ ಇಬ್ಬಂದಿ ಅವನಿಗೆ ಗೊತ್ತಿತ್ತು, ಮಕ್ಕಳಿಗೂ ಗೊತ್ತಿತ್ತು. ಮಕ್ಕಳು ಸಕ್ಕರೆ ತಿನ್ನುವುದನ್ನೇ ಬಿಟ್ಟರು. ಕಬ್ಬಿನ ಬದಲು ಬೀಟ್ ಗೆಡ್ಡೆಯಿಂದ ಸಕ್ಕರೆ ತೆಗೆದರೆ ಗುಲಾಮರ ದುಡಿಮೆ ಬೇಕಾಗುವುದಿಲ್ಲವೆಂಬ ಆಲೋಚನೆ ತಂದೆಯ ತಲೆಯನ್ನು ಹೊಕ್ಕಿತು. ಅದು ಅವನನ್ನು ಕೊನೆಯವರೆಗೂ ಬಿಡಲಿಲ್ಲ. ಈ ಮನೆತನದ ಮುಂದಿನ ಅಲೆದಾಟವೆಲ್ಲ ಸಕ್ಕರೆಯ ಸುತ್ತಲೇ ನಡೆಯಿತೆಂದರೆ ತಪ್ಪಲ್ಲ.

ತಾಯಿ ಹ್ಯಾನಾ ಲೇನ್ (1792–1870) ಬ್ರಿಸ್ಟಲ್‌ನ ವ್ಯಾಪಾರಿ ಕುಟುಂಬದವಳು. ಅವಳು ಹೆತ್ತ ಮಕ್ಕಳಲ್ಲಿ ಒಂಬತ್ತು ಮಂದಿ ಬದುಕಿ ಬೆಳೆದರು. ಹೆಣ್ಣುಮಕ್ಕಳು ಆ್ಯನಾ, ಮೇರಿಯನ್, ಎಲಿಜಬೆತ್, ಎಮಿಲಿ, ಎಲೆನ್; ಗಂಡುಮಕ್ಕಳು ಸ್ಯಾಮ್ಯುಯೆಲ್, ಹೆನ್ರಿ, ಹವರ್ಡ್, ಜಾರ್ಜ್. ಇವರಲ್ಲದೆ ಮದುವೆಯಾಗದ ಸೋದರತ್ತೆಯರೂ ಅದೇ ಸೂರಿನಡಿ ಇದ್ದರು. ಎಲಿಜಬೆತ್ ಹುಟ್ಟಿದ್ದು 1821ರ ಫೆಬ್ರವರಿ 3ರಂದು. ತೀರ ಸಂಕೋಚದ ಹುಡುಗಿ. ಅಪ್ಪ ಅವಳಿಗೆ ‘ನಾಚಿಕೆ ಪುಟ್ಟಿ’ ಎಂಬರ್ಥದ ಅಡ್ಡಹೆಸರಿಟ್ಟಿದ್ದ. ಸಂಕೋಚದ ಬೆನ್ನಿಗೆ ಹಟವೂ ಇತ್ತು. ಮೈ ಗಟ್ಟಿಮಾಡಿಕೊಳ್ಳಬೇಕೆಂದು ರಾತ್ರಿ ಹಾಸಿಗೆ ಬಿಟ್ಟು ಬರಿನೆಲದ ಮೇಲೆ ಮಲಗುತ್ತಿದ್ದಳು.

ಬ್ಲ್ಯಾಕ್‌ವೆಲ್ಲರು ಇಂಗ್ಲೆಂಡಿನ ಅಧಿಕೃತ ಚರ್ಚಿಗೆ ಸೇರದ ಪ್ರಾಟೆಸ್ಟೆಂಟರು. ಅಂಥವರನ್ನು ಡಿಸೆಂಟರ್ ಎಂದು ಕರೆಯುತ್ತಿದ್ದರು. ಆಕ್ಸ್‌ಫರ್ಡ್, ಕೇಂಬ್ರಿಜ್‌ಗಳಲ್ಲಿ ಅವರಿಗೆ ಪದವಿ ಸಿಗುತ್ತಿರಲಿಲ್ಲ. ಹೀಗಾಗಿ ಪಾಠವೆಲ್ಲ ಮನೆಯಲ್ಲೇ ನಡೆಯಿತು. ಹುಡುಗಿಯರಿಗೆ ಕಸೂತಿ, ಹುಡುಗರಿಗೆ ಲ್ಯಾಟಿನ್ ಎಂಬ ಪಂಕ್ತಿಭೇದವನ್ನು ಸ್ಯಾಮ್ಯುಯೆಲ್ ಮಾಡಲಿಲ್ಲ. ಹೊರಗಿನವರು ಬಾಗಿಲು ಮುಚ್ಚಿದ್ದರಿಂದ ಒಳಗೆ ಎಲ್ಲರಿಗೂ ಒಂದೇ ಪಾಠವಾಯಿತು. ಮುಂದೆ ಈ ಹೆಣ್ಣುಮಕ್ಕಳು ಎಲ್ಲಿ ಹೋದರೂ ಪಾಠ ಹೇಳಿ ಹೊಟ್ಟೆ ಹೊರೆಯಲು ಶಕ್ತರಾದದ್ದು ಇದರ ಬಲದಿಂದ.

ವಲಸೆ

ಬೆಂಕಿಯಲ್ಲಿ ಕಾರ್ಖಾನೆ ಸುಟ್ಟುಹೋಗಿ ವ್ಯಾಪಾರ ಕುಸಿದದ್ದು ವಲಸೆಗೆ ಮುಖ್ಯ ಕಾರಣ. ಊರಿನ ವಾತಾವರಣವೂ ಕೆಟ್ಟಿತ್ತು. ಸಂಸತ್ತಿನ ಸುಧಾರಣಾ ಮಸೂದೆ ಬಿದ್ದುಹೋದಾಗ, 1831ರ ಅಕ್ಟೋಬರ್ ಕೊನೆಯಲ್ಲಿ, ಬ್ರಿಸ್ಟಲ್ ಮೂರು ದಿನ ದಂಗೆಯಲ್ಲಿ ಉರಿಯಿತು. ಬಿಷಪ್ಪನ ಅರಮನೆ, ಸೆರೆಮನೆಗಳು, ಕ್ವೀನ್ ಸ್ಕ್ವೇರಿನ ಮನೆಗಳು ಬೂದಿಯಾದವು. ಆಗ ಎಲಿಜಬೆತ್‌ಗೆ ಹತ್ತು ವರ್ಷ.

1832ರ ಆಗಸ್ಟಿನಲ್ಲಿ ಎಂಟು ಮಕ್ಕಳೂ ಏಳು ಮಂದಿ ಹಿರಿಯರೂ ‘ಕಾಸ್ಮೊ’ ಎಂಬ ಸರಕು ಹಡಗು ಹತ್ತಿದರು. ಹ್ಯಾನಾ ಆಗ ತುಂಬು ಬಸುರಿ. ಏಳು ವಾರ ಕಳೆದು ನ್ಯೂಯಾರ್ಕ್ ತಲಪಿದರು; ಆ ಊರಿಗೆ ಕಾಲರಾ ಬಡಿದ ವರ್ಷವದು. ಒಂಬತ್ತನೆಯ ಮಗು ಹುಟ್ಟಿದ್ದು ಹೊಸ ನೆಲದಲ್ಲಿ. ಹೆಸರು ಜಾರ್ಜ್ ವಾಷಿಂಗ್ಟನ್. ಕೂಸಿಗೆ ಅಮೆರಿಕದ ಮೊದಲ ಅಧ್ಯಕ್ಷನ ಹೆಸರಿಟ್ಟು ಬ್ಲ್ಯಾಕ್‌ವೆಲ್ಲರು ಆ ದೇಶವನ್ನು ತಮ್ಮದೆಂದುಕೊಂಡರು. (ಇವರು ಬ್ರಿಸ್ಟಲ್ ಬಿಟ್ಟ ಮರುವರ್ಷವೇ ರಾಜಾ ರಾಮಮೋಹನ ರಾಯರು ಅದೇ ಊರಿಗೆ ಬಂದು, 1833ರ ಸೆಪ್ಟೆಂಬರ್ 27ರಂದು ಅಲ್ಲಿಯೇ ತೀರಿಕೊಂಡರು. ಬ್ರಿಸ್ಟಲ್ ಎಂದೊಡನೆ ಭಾರತೀಯ ಓದುಗರಿಗೆ ನೆನಪಾಗುವುದು ಆ ಸಾವು.)

ಹ್ಯಾನಾಳ ಬಗ್ಗೆ ಇಲ್ಲೊಂದು ಮಾತು ಹೇಳಬೇಕು. ಚರಿತ್ರಕಾರರು ಸ್ಯಾಮ್ಯುಯೆಲ್‌ನ ಆದರ್ಶಗಳನ್ನು ವಿವರವಾಗಿ ಬರೆದಿದ್ದಾರೆ. ಹ್ಯಾನಾಳಿಗೆ ಒಂದೆರಡು ಸಾಲು ಮಾತ್ರ ದಕ್ಕಿವೆ. ನಲವತ್ತರ ವಯಸ್ಸಿನಲ್ಲಿ, ಹೊಟ್ಟೆಯಲ್ಲಿ ಮಗು ಹೊತ್ತು, ಎಂಟು ಮಕ್ಕಳನ್ನು ಕಟ್ಟಿಕೊಂಡು ಸಮುದ್ರ ದಾಟಿದವಳು ಅವಳು. ಆರು ವರ್ಷ ಕಳೆಯುವಷ್ಟರಲ್ಲಿ ಪರದೇಶದಲ್ಲಿ ವಿಧವೆಯಾದಳು. ಮನೆ ಚದುರದಂತೆ ಹಿಡಿದಿಟ್ಟವಳೂ ಅವಳೇ.

ನ್ಯೂಯಾರ್ಕ್ ಮತ್ತು ಸಿನ್ಸಿನಾಟಿ

ನ್ಯೂಯಾರ್ಕಿನಲ್ಲಿ ಸ್ಯಾಮ್ಯುಯೆಲ್ ಮತ್ತೆ ಸಕ್ಕರೆಯ ಕಾರ್ಖಾನೆಯನ್ನೇ ತೆರೆದ. ಗುಲಾಮಗಿರಿ ವಿರೋಧಿ ಚಳವಳಿಯ ವಿಲಿಯಂ ಲಾಯ್ಡ್ ಗ್ಯಾರಿಸನ್ ಈ ಮನೆಗೆ ಬಂದು ಹೋಗುವ ನೆಂಟನಂತಾದ. ಹುಡುಗಿಯರು ಚಳವಳಿಯ ಸಭೆಗಳಿಗೆ ಹೋಗತೊಡಗಿದರು. ಆದರೆ 1837ರ ಆರ್ಥಿಕ ಕುಸಿತದಲ್ಲಿ ವ್ಯಾಪಾರ ನೆಲಕಚ್ಚಿತು. ಪಶ್ಚಿಮದ ಒಹಾಯೊ ಸೀಮೆಯಲ್ಲಿ ಬೀಟ್ ಬೆಳೆದು ಸಕ್ಕರೆ ತೆಗೆಯಬಹುದೆಂಬ ಆಸೆಯಿಂದ 1838ರ ಮೇ ತಿಂಗಳಲ್ಲಿ ಸಂಸಾರ ಸಿನ್ಸಿನಾಟಿಗೆ ಹೊರಟಿತು. ರೈಲು, ಕಾಲುವೆಯ ದೋಣಿ, ನದಿಯ ಸ್ಟೀಮರ್ ಹೀಗೆ ಹತ್ತಿ ಇಳಿದು ಸಾಗಿದ ಪ್ರಯಾಣ. ಆಗಸ್ಟ್ 7ರಂದು ಸ್ಯಾಮ್ಯುಯೆಲ್ ಜ್ವರದಿಂದ ಸತ್ತ. ಹೊಸ ಊರು, ಗುರುತಿನವರಿಲ್ಲ, ಮನೆಯಲ್ಲಿ ಉಳಿದದ್ದು ಸುಮಾರು 20 ಡಾಲರ್.

ಮೂವರು ಹಿರಿಯ ಹೆಣ್ಣುಮಕ್ಕಳು ಕೂತು ಅಳಲಿಲ್ಲ. ಅದೇ ಮನೆಯಲ್ಲಿ ಹುಡುಗಿಯರಿಗಾಗಿ ಇಂಗ್ಲಿಷ್ ಮತ್ತು ಫ್ರೆಂಚ್ ಶಾಲೆ ತೆರೆದರು. ತಮ್ಮಂದಿರು ಸಣ್ಣಪುಟ್ಟ ಗುಮಾಸ್ತಿಕೆಗೆ ಸೇರಿದರು. ಬಂದದ್ದೆಲ್ಲ ಒಂದೇ ಗಂಟಿಗೆ ಹೋಗುತ್ತಿತ್ತು. ಅವಿಭಕ್ತ ಕುಟುಂಬ ಎಂಬ ಪದ ಅವರಿಗೆ ಗೊತ್ತಿರಲಿಲ್ಲ. ಬದುಕಿದ್ದು ಮಾತ್ರ ಹಾಗೆಯೇ. ಗಂಡುಮಕ್ಕಳ ಪಾಲಿಗೆ ಅಕ್ಕಂದಿರ ದುಡಿಮೆಯಿಂದ ಉಂಡ ಅನ್ನದ ನೆನಪು ಆಳವಾಗಿ ಉಳಿದಿರಬೇಕು. ಮುಂದೆ ಮಗ ಸ್ಯಾಮ್ಯುಯೆಲ್ ಮತ್ತು ಹೆನ್ರಿ ಎಂಥ ಹೆಂಡಿರನ್ನು ಬಯಸಿ ತಂದರು ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ವಿವರಣೆ ಇಲ್ಲ.

ಶಾಲೆ ಮುಚ್ಚಿದ ಮೇಲೆ ಎಲಿಜಬೆತ್ 1844ರಲ್ಲಿ ಕೆಂಟಕಿಯ ಹೆಂಡರ್ಸನ್ ಎಂಬಲ್ಲಿಗೆ ಉಪಾಧ್ಯಾಯಿನಿಯಾಗಿ ಹೋದಳು. ಅದುವರೆಗೆ ಭಾಷಣಗಳಲ್ಲಿ ಕೇಳಿದ್ದ ಗುಲಾಮಗಿರಿಯನ್ನು ಅಲ್ಲಿ ಕಣ್ಣಾರೆ ಕಂಡಳು. ಸಭ್ಯರೆನಿಸಿಕೊಂಡವರ ಮನೆಯಲ್ಲೇ ಅದು ನಡೆಯುತ್ತಿದ್ದುದು ಅವಳಿಗೆ ಸಹಿಸಲಾಗದೆ ಬೇಗನೆ ಹಿಂದಿರುಗಿದಳು.

ಎಲಿಜಬೆತ್‌ಳ ವೈದ್ಯ ವಿದ್ಯಾಭ್ಯಾಸ

ವೈದ್ಯಳಾಗಬೇಕೆಂಬ ಕನಸು ಅವಳಿಗೆ ಬಾಲ್ಯದಿಂದ ಇರಲಿಲ್ಲ. ದೇಹ, ರೋಗ ಎಂದರೆ ಅವಳಿಗೆ ಹೇಸಿಗೆ. ವೈದ್ಯ ಪುಸ್ತಕ ನೋಡುವುದೂ ಆಗುತ್ತಿರಲಿಲ್ಲವೆಂದು ಮುಂದೆ ಆತ್ಮಕಥೆಯಲ್ಲಿ ತಾನೇ ಬರೆದಿದ್ದಾಳೆ. ಸಿನ್ಸಿನಾಟಿಯಲ್ಲಿ ಸಾಯುವ ಸ್ಥಿತಿಯಲ್ಲಿದ್ದ ಗೆಳತಿಯೊಬ್ಬಳು, ತನ್ನನ್ನು ನೋಡಿಕೊಳ್ಳಲು ಹೆಣ್ಣು ವೈದ್ಯರಿದ್ದಿದ್ದರೆ ಇಷ್ಟು ಸಂಕಟಪಡಬೇಕಾಗಿರಲಿಲ್ಲ, ನೀನೇಕೆ ಓದಬಾರದು ಎಂದು ಕೇಳಿದಳು. ಆ ಮಾತು ಮನಸ್ಸನ್ನು ಕೊರೆಯತೊಡಗಿತು. ಮದುವೆಯ ಆಕರ್ಷಣೆಯಿಂದ ದೂರ ನಿಲ್ಲಲು ತನಗೊಂದು ದೊಡ್ಡ ಕೆಲಸ ಬೇಕೆಂಬ ಒಳಗಿನ ಒತ್ತಡವೂ ಇತ್ತು.

ಹಣ ಕೂಡಿಸಲು 1845ರಲ್ಲಿ ಉತ್ತರ ಕ್ಯಾರೊಲಿನಾದ ಆ್ಯಶ್‌ವಿಲ್‌ಗೂ ಅಲ್ಲಿಂದ ದಕ್ಷಿಣ ಕ್ಯಾರೊಲಿನಾದ ಚಾರ್ಲ್ಸ್‌ಟನ್‌ಗೂ ಹೋದಳು. ಎರಡೂ ಕಡೆ ವೈದ್ಯ ವಿದ್ಯೆ ಬಲ್ಲ ಸಹೋದರರಿಬ್ಬರ ಮನೆಗಳಲ್ಲಿದ್ದು, ಹಗಲು ಸಂಗೀತ ಕಲಿಸುತ್ತ, ಉಳಿದ ಹೊತ್ತು ಅವರ ಪುಸ್ತಕಗಳನ್ನು ಓದಿದಳು. 1847ರಲ್ಲಿ ಫಿಲಡೆಲ್ಫಿಯಕ್ಕೆ ಬಂದು ಅರ್ಜಿ ಹಾಕತೊಡಗಿದಳು. 29 ಕಾಲೇಜುಗಳು ಬೇಡವೆಂದವು. ಗಂಡಸಿನ ವೇಷ ಹಾಕಿ ಪ್ಯಾರಿಸ್‌ಗೆ ಹೋಗು ಎಂದು ಸಲಹೆ ಕೊಟ್ಟವರೂ ಇದ್ದರು, ಅವಳು ಒಪ್ಪಲಿಲ್ಲ. ಮುಚ್ಚುಮರೆಯಿಂದ ಒಳಹೊಕ್ಕರೆ ಹಿಂದೆ ಬರುವವರಿಗೆ ದಾರಿಯಾಗುವುದಿಲ್ಲವೆಂಬುದು ಅವಳ ನಿಲುವು.

ನ್ಯೂಯಾರ್ಕ್ ರಾಜ್ಯದ ಪಶ್ಚಿಮದಲ್ಲಿದ್ದ ಜಿನೀವಾ ಮೆಡಿಕಲ್ ಕಾಲೇಜಿನ ಅಧ್ಯಾಪಕರು ತೀರ್ಮಾನವನ್ನು ವಿದ್ಯಾರ್ಥಿಗಳಿಗೆ ಬಿಟ್ಟರು. ಒಬ್ಬನು ಬೇಡವೆಂದರೂ ಸಾಕು, ಅರ್ಜಿ ತಳ್ಳಿಹಾಕುವ ಏರ್ಪಾಡು. ಹುಡುಗರು ಇದೊಂದು ತಮಾಷೆಯೆಂದು ಎಲ್ಲರೂ ಕೈಯೆತ್ತಿದರು. ನವೆಂಬರ್ ತಿಂಗಳಲ್ಲಿ ಗಿಡ್ಡ ಮೈಕಟ್ಟಿನ, ಗಂಭೀರ ಮುಖದ ಹೆಣ್ಣೊಬ್ಬಳು ತರಗತಿಗೆ ಬಂದು ಕೂತಾಗ ತಮಾಷೆ ನಿಂತಿತು. ಊರಿನ ಹೆಂಗಸರು ಬೀದಿಯಲ್ಲಿ ಅವಳನ್ನು ಕಂಡರೆ ನಿಂತು ದಿಟ್ಟಿಸುತ್ತಿದ್ದರು. ಇಂಥವಳು ಕೆಟ್ಟವಳಿರಬೇಕು ಅಥವಾ ಹುಚ್ಚಿಯಿರಬೇಕು ಎಂಬುದು ಅವರ ಊಹೆ.

1848ರ ಬೇಸಿಗೆಯನ್ನು ಅವಳು ಫಿಲಡೆಲ್ಫಿಯದ ಬ್ಲಾಕ್ಲಿ ಎಂಬ ಬಡವರ ಆಶ್ರಯಧಾಮದ ಆಸ್ಪತ್ರೆಯಲ್ಲಿ ಕಳೆದಳು. ಐರ್ಲೆಂಡಿನ ಕ್ಷಾಮದಿಂದ ಓಡಿಬಂದ ವಲಸಿಗರು ಹಡಗಿನಲ್ಲೇ ಟೈಫಸ್ ಅಂಟಿಸಿಕೊಂಡು ಅಲ್ಲಿಗೆ ಬಂದು ಬೀಳುತ್ತಿದ್ದರು. ಅದಕ್ಕೆ ‘ಹಡಗು ಜ್ವರ’ ಎಂದೇ ಹೆಸರು. ಅವಳ ಪದವಿ ಪ್ರಬಂಧದ ವಿಷಯ ಈ ರೋಗವೇ. ಗಾಳಿ ಬೆಳಕು ಇಲ್ಲದ ಇಕ್ಕಟ್ಟು, ಕೊಳಕು, ಹಸಿವುಗಳನ್ನು ಅವಳು ರೋಗದ ಬೇರೆಂದು ಗುರುತಿಸಿದಳು. ಹದಿನಾರು ವರ್ಷದ ಹಿಂದೆ ತಾನೂ ಅದೇ ಸಮುದ್ರ ದಾಟಿ ಬಂದವಳು, ಆದರೆ ಇಂಥ ಕ್ಷಾಮದಿಂದ ಓಡಿ ಅಲ್ಲ. ವಲಸೆಯ ಎರಡು ಮುಖಗಳು ಆ ವಾರ್ಡಿನಲ್ಲಿ ಎದುರುಬದುರಾದವು. 1849ರ ಜನವರಿ 23ರಂದು ಪದವಿ ಪ್ರದಾನವಾದಾಗ ಮನೆಯವರ ಪರವಾಗಿ ಸಭೆಯಲ್ಲಿದ್ದವನು ತಮ್ಮ ಹೆನ್ರಿ.

ಅದೇ ವರ್ಷ ಏಪ್ರಿಲಿನಲ್ಲಿ ಅಮೆರಿಕದ ಪೌರತ್ವ ಪಡೆದು ಎಲಿಜಬೆತ್ ಯುರೋಪಿಗೆ ಹೊರಟಳು. ಪ್ಯಾರಿಸ್‌ನಲ್ಲಿ ಪದವಿಗೆ ಬೆಲೆ ಸಿಗಲಿಲ್ಲ. ‘ಲಾ ಮಾತೆರ್ನಿತೆ’ ಎಂಬ ಹೆರಿಗೆ ಆಸ್ಪತ್ರೆಯಲ್ಲಿ ಸೂಲಗಿತ್ತಿಯರಾಗಲು ಬಂದ ಹಳ್ಳಿ ಹುಡುಗಿಯರ ನಡುವೆ ಒಬ್ಬಳಾಗಿ ಸೇರಿದಳು. ನವೆಂಬರಿನ ಒಂದು ಬೆಳಗಿನ ಜಾವ, ಕಣ್ಣಿಗೆ ಸೋಂಕು ತಗಲಿದ ಎಳೆಗೂಸಿನ ಕಣ್ಣು ತೊಳೆಯುತ್ತಿದ್ದಾಗ ನೀರು ಸಿಡಿದು ಅವಳ ಎಡಗಣ್ಣಿಗೆ ಬಿತ್ತು. ಕೀವುಗಟ್ಟಿ, ವಾರಗಟ್ಟಲೆ ಕತ್ತಲಲ್ಲಿ ಮಲಗಿ, ಕೊನೆಗೆ ಆ ಕಣ್ಣು ಹೋಯಿತು. ಮರುವರ್ಷ ಅದನ್ನು ತೆಗೆಸಿ ಗಾಜಿನ ಕಣ್ಣು ಇಡಿಸಿಕೊಳ್ಳಬೇಕಾಯಿತು. ಪ್ಯಾರಿಸ್‌ನಲ್ಲೇ ಇದ್ದ ಅಕ್ಕ ಆ್ಯನಾ ಆ ದಿನಗಳಲ್ಲಿ ಅವಳಿಗೆ ಆಸರೆಯಾದಳು. ಶಸ್ತ್ರವೈದ್ಯೆಯಾಗಬೇಕೆಂಬ ಆಸೆ ಅಲ್ಲಿಗೆ ಮುಗಿಯಿತು. ಆಮೇಲೆ ಲಂಡನ್ನಿನ ಸೇಂಟ್ ಬಾರ್ತಲೋಮ್ಯೂ ಆಸ್ಪತ್ರೆ ಅವಳಿಗೆ ಎಲ್ಲ ವಾರ್ಡುಗಳನ್ನೂ ತೆರೆಯಿತು, ಸ್ತ್ರೀರೋಗಗಳ ವಿಭಾಗವೊಂದನ್ನು ಬಿಟ್ಟು.

ಅಕ್ಕ–ತಂಗಿಯರ ಆಸ್ಪತ್ರೆ

1851ರಲ್ಲಿ ನ್ಯೂಯಾರ್ಕಿಗೆ ಮರಳಿದ ಎಲಿಜಬೆತ್‌ಗೆ ರೋಗಿಗಳು ಬರಲಿಲ್ಲ. ಬಾಡಿಗೆಗೆ ಕೋಣೆ ಕೊಡುವವರೂ ಹಿಂಜರಿದರು. ಆ ಕಾಲದ ಆಡುಮಾತಿನಲ್ಲಿ ‘ಹೆಣ್ಣು ವೈದ್ಯೆ’ ಎಂದರೆ ಗುಟ್ಟಾಗಿ ಗರ್ಭ ತೆಗೆಯುವವಳೆಂಬ ಅರ್ಥವಿತ್ತು. 1853ರಲ್ಲಿ ಟಾಂಪ್ಕಿನ್ಸ್ ಸ್ಕ್ವೇರ್ ಬಳಿ ಬಡವರಿಗಾಗಿ ಒಂದೇ ಕೋಣೆಯ ಔಷಧಾಲಯ ತೆರೆದಳು.

ಆರನೆಯ ಮಗು ಎಮಿಲಿ (1826–1910) ಅಕ್ಕನ ಹಾದಿ ಹಿಡಿದಳು. ಮೊದಲಿಗಳ ತಂಗಿ ಎಂಬ ಕಾರಣಕ್ಕೆ ಅವಳಿಗೇನೂ ಸುಲಭವಾಗಲಿಲ್ಲ. ಅಕ್ಕನನ್ನು ಓದಿಸಿದ ಜಿನೀವಾ ಕಾಲೇಜೇ ತಂಗಿಗೆ ಬಾಗಿಲು ಮುಚ್ಚಿತು. ಶಿಕಾಗೋದ ರಶ್ ಕಾಲೇಜು ಒಂದು ವರ್ಷ ಓದಗೊಟ್ಟು ಆಮೇಲೆ ಬೇಡವೆಂದಿತು. ಕೊನೆಗೆ ಕ್ಲೀವ್‌ಲೆಂಡ್‌ನಲ್ಲಿ 1854ರಲ್ಲಿ ಪದವಿ ಪಡೆದು, ಎಡಿನ್‌ಬರೋದಲ್ಲಿ ಜೇಮ್ಸ್ ಯಂಗ್ ಸಿಂಪ್ಸನ್ನನ ಕೈಕೆಳಗೆ ತರಬೇತಾದಳು. ಎಲಿಜಬೆತ್ ಕಳೆದುಕೊಂಡ ಶಸ್ತ್ರಚಿಕಿತ್ಸೆಯ ಕೆಲಸವನ್ನು ಎಮಿಲಿ ಕೈಗೆತ್ತಿಕೊಂಡಳು.

1857ರ ಮೇ 12ರಂದು ಈ ಇಬ್ಬರೂ, ಜರ್ಮನಿಯಿಂದ ವಲಸೆ ಬಂದ ಮೇರಿ ಜಾಕ್ಷೆವ್ಸ್ಕಾಳೂ ಸೇರಿ, ಬ್ಲೀಕರ್ ಬೀದಿಯ 64ನೆಯ ನಂಬರಿನ ಮನೆಯಲ್ಲಿ ಬಡ ಹೆಂಗಸರು ಮತ್ತು ಮಕ್ಕಳಿಗಾಗಿ ನ್ಯೂಯಾರ್ಕ್ ಇನ್‌ಫರ್ಮರಿ ತೆರೆದರು. ವೈದ್ಯರೆಲ್ಲರೂ ಹೆಂಗಸರು. ರೋಗಿಗಳಲ್ಲಿ ಹೆಚ್ಚಿನವರು ಬಡ ವಲಸಿಗರು. ಆಸ್ಪತ್ರೆಯವರು ರೋಗಿ ಬರಲೆಂದು ಕಾಯುತ್ತ ಕೂರಲಿಲ್ಲ. ಕಿಕ್ಕಿರಿದ ವಠಾರಗಳಿಗೆ ಹೋಗಿ ಶುಚಿತ್ವ, ಮಕ್ಕಳ ಆರೈಕೆ ಹೇಳಿಕೊಡುವ ಕೆಲಸವನ್ನೂ ಹಚ್ಚಿಕೊಂಡರು. ಅಮೆರಿಕದ ಮೊದಮೊದಲ ಕಪ್ಪು ಮಹಿಳಾ ವೈದ್ಯರಲ್ಲಿ ಒಬ್ಬಳಾದ ರೆಬೆಕಾ ಕೋಲ್ ಹಾಗೆ ಮನೆಮನೆಗೆ ಹೋದವರಲ್ಲಿ ಸೇರಿದ್ದಳು. 1861ರಲ್ಲಿ ಅಂತರ್ಯುದ್ಧ ಶುರುವಾದಾಗ ಸೇನೆಗೆ ದಾದಿಯರನ್ನು ಆರಿಸಿ ತರಬೇತುಗೊಳಿಸುವ ಏರ್ಪಾಡಿಗೆ ಈ ಆಸ್ಪತ್ರೆಯ ಸಭೆಯೇ ಮೊದಲ ಹೆಜ್ಜೆಯಾಯಿತು.

1868ರಲ್ಲಿ ಆಸ್ಪತ್ರೆಗೆ ಸೇರಿದಂತೆ ಮಹಿಳಾ ವೈದ್ಯ ಕಾಲೇಜು ಆರಂಭವಾಯಿತು. ಮರುವರ್ಷ ಎಲಿಜಬೆತ್ ಇಂಗ್ಲೆಂಡಿಗೆ ಹೊರಟುಹೋದಳು. ಅಲ್ಲಿಂದ ಮುಂದಿನ ಮೂವತ್ತು ವರ್ಷ ಕಾಲೇಜನ್ನೂ ಆಸ್ಪತ್ರೆಯನ್ನೂ ನಡೆಸಿದವಳು ಎಮಿಲಿ: ಹಣ ಕೂಡಿಸುವುದು, ಪಾಠ, ಶಸ್ತ್ರಚಿಕಿತ್ಸೆ, ಆಡಳಿತ ಎಲ್ಲವೂ. 1899ರಲ್ಲಿ ಕಾರ್ನೆಲ್ ವಿಶ್ವವಿದ್ಯಾನಿಲಯ ಹೆಣ್ಣುಮಕ್ಕಳಿಗೆ ವೈದ್ಯ ಶಿಕ್ಷಣ ಕೊಡತೊಡಗಿದಾಗ, ಪ್ರತ್ಯೇಕ ಕಾಲೇಜು ಇನ್ನು ಬೇಕಿಲ್ಲವೆಂದು ಎಮಿಲಿಯೇ ಅದನ್ನು ಮುಚ್ಚಿ ವಿದ್ಯಾರ್ಥಿನಿಯರನ್ನು ಅಲ್ಲಿಗೆ ಕಳುಹಿಸಿದಳು. ಅಷ್ಟರಲ್ಲಿ 364 ಮಂದಿ ವೈದ್ಯೆಯರು ಅಲ್ಲಿಂದ ಹೊರಬಂದಿದ್ದರು. ಹೆಸರು ಅಕ್ಕನದು, ದುಡಿಮೆಯ ದೊಡ್ಡ ಪಾಲು ತಂಗಿಯದು. ಎಮಿಲಿಗೆ ಸಲ್ಲಬೇಕಾದ ಸ್ಥಾನ ಚರಿತ್ರೆಯಲ್ಲಿ ಇನ್ನೂ ಪೂರ್ತಿ ಸಂದಿಲ್ಲ.

ಸೊಸೆಯರು

ಒಹಾಯೊದ ಓಬರ್ಲಿನ್ ಕಾಲೇಜಿನಲ್ಲಿ ಒಟ್ಟಿಗೆ ಓದಿ ಜೀವದ ಗೆಳತಿಯರಾಗಿದ್ದ ಲೂಸಿ ಸ್ಟೋನ್ ಮತ್ತು ಆಂಟನೆಟ್ ಬ್ರೌನ್ ಈ ಮನೆಯಲ್ಲಿ ವಾರಗಿತ್ತಿಯರಾದರು. ಲೂಸಿ ಗುಲಾಮಗಿರಿಯ ವಿರುದ್ಧವೂ ಹೆಣ್ಣಿನ ಹಕ್ಕುಗಳ ಪರವಾಗಿಯೂ ಊರೂರು ಸುತ್ತಿ ಭಾಷಣ ಮಾಡುತ್ತಿದ್ದವಳು. ಮದುವೆಯೇ ಬೇಡವೆಂದು ನಿರ್ಧರಿಸಿದ್ದವಳನ್ನು ಹೆನ್ರಿ ಎರಡು ವರ್ಷ ಪತ್ರ ಬರೆದು ಒಪ್ಪಿಸಿದ. 1854ರಲ್ಲಿ ಒಹಾಯೊದ ಸೇಲಂನಲ್ಲಿ ಒಡೆಯರೊಂದಿಗೆ ರೈಲಿನಲ್ಲಿ ಹೋಗುತ್ತಿದ್ದ ಗುಲಾಮ ಹುಡುಗಿಯೊಬ್ಬಳನ್ನು ಬಿಡಿಸಿದವರಲ್ಲಿ ಅವನೂ ಇದ್ದ; ದಕ್ಷಿಣದಲ್ಲಿ ಅವನ ತಲೆಗೆ ಬಹುಮಾನ ಕಟ್ಟಿದರು. ಆ ಸುದ್ದಿ ಲೂಸಿಯ ಮನಸ್ಸನ್ನು ಕರಗಿಸಿತೆನ್ನುತ್ತಾರೆ.

1855ರ ಮೇ 1ರಂದು ಮ್ಯಾಸಚೂಸೆಟ್ಸ್‌ನಲ್ಲಿ ಮದುವೆ ನಡೆಯಿತು. ಆಗಿನ ಕಾನೂನಿನಂತೆ ಹೆಂಡತಿಯ ಮೈ, ಆಸ್ತಿ, ಸಂಪಾದನೆ, ಮಕ್ಕಳ ಮೇಲಿನ ಹಕ್ಕು ಎಲ್ಲವೂ ಗಂಡನ ಹಿಡಿತಕ್ಕೆ ಹೋಗುತ್ತಿದ್ದವು. ಮದುಮಗನೂ ಮದುಮಗಳೂ ಅದನ್ನು ಪ್ರತಿಭಟಿಸುವ ಹೇಳಿಕೆಯನ್ನು ಮದುವೆಯಲ್ಲೇ ಓದಿ ಸಹಿ ಹಾಕಿದರು. ಲೂಸಿ ತವರಿನ ಹೆಸರನ್ನೇ ಉಳಿಸಿಕೊಂಡಳು. ಹಾಗೆ ಹೆಸರು ಉಳಿಸಿಕೊಂಡವರನ್ನು ಅಮೆರಿಕದಲ್ಲಿ ಬಹುಕಾಲ ‘ಲೂಸಿ ಸ್ಟೋನರ್’ ಎಂದೇ ಕರೆಯುತ್ತಿದ್ದರು. ಮತವಿಲ್ಲದವಳು ತೆರಿಗೆ ಏಕೆ ಕಟ್ಟಬೇಕೆಂದು 1858ರಲ್ಲಿ ನ್ಯೂಜರ್ಸಿಯ ಮನೆಯ ತೆರಿಗೆ ನಿರಾಕರಿಸಿದಾಗ ಅವಳ ಮನೆಯ ಸಾಮಾನು ಹರಾಜಾಯಿತು. 1870ರಲ್ಲಿ ಬಾಸ್ಟನ್ನಿನಲ್ಲಿ ಗಂಡ ಹೆಂಡತಿ ಆರಂಭಿಸಿದ ‘ವುಮನ್ಸ್ ಜರ್ನಲ್’ ವಾರಪತ್ರಿಕೆ ಮತಾಧಿಕಾರ ಚಳವಳಿಯ ಮುಖ್ಯ ದನಿಯಾಯಿತು. 1893ರಲ್ಲಿ ಲೂಸಿ ತೀರಿಕೊಂಡ ಮೇಲೆ ಹೆನ್ರಿಯೂ ಮಗಳು ಆ್ಯಲಿಸ್ ಸ್ಟೋನ್ ಬ್ಲ್ಯಾಕ್‌ವೆಲ್ಲಳೂ (1857–1950) ಅದನ್ನು ನಡೆಸಿದರು.

ಹೆನ್ರಿಯ ಬದುಕಿನಲ್ಲಿ ಒಂದು ಕಲೆಯೂ ಇದೆ. ಅದನ್ನು ಮುಚ್ಚಿಡಬಾರದು. ಅಂತರ್ಯುದ್ಧ ಮುಗಿದ ಮೇಲೆ, 1867ರಲ್ಲಿ, ದಕ್ಷಿಣದ ರಾಜ್ಯಗಳಿಗೆ ಬರೆದ ಬಹಿರಂಗ ಪತ್ರದಲ್ಲಿ ಅವನು ಒಂದು ಲೆಕ್ಕ ಮುಂದಿಟ್ಟ: ಹೆಂಗಸರಿಗೆ ಮತ ಕೊಟ್ಟರೆ ಬಿಳಿಯ ಹೆಂಗಸರ ಮತಗಳು ಕಪ್ಪು ಜನರ ಮತಗಳನ್ನು ಮೀರಿಸುತ್ತವೆ, ಬಿಳಿಯರ ಮೇಲುಗೈ ಹಾಗೆಯೇ ಉಳಿಯುತ್ತದೆ. ಗುಲಾಮ ಹುಡುಗಿಯನ್ನು ಬಿಡಿಸಿದ ಕೈಯೇ ಹದಿಮೂರು ವರ್ಷದ ಮೇಲೆ ಇದನ್ನು ಬರೆಯಿತು. ಒಂದು ನ್ಯಾಯವನ್ನು ಪಡೆಯಲು ಇನ್ನೊಂದು ಅನ್ಯಾಯವನ್ನು ಬಳಸುವ ಈ ವಾದ ಮತಾಧಿಕಾರ ಚಳವಳಿಯನ್ನು ದಶಕಗಳ ಕಾಲ ಕಾಡಿತು. ತಂದೆಯ ಬೀಟ್ ಸಕ್ಕರೆಯ ಕನಸನ್ನೂ ಹೆನ್ರಿ ಮತ್ತೆ ಕೈಗೆತ್ತಿಕೊಂಡು ಮೇನ್ ರಾಜ್ಯದಲ್ಲಿ ಪ್ರಯೋಗ ಮಾಡಿದ, ಅದು ನಿಲ್ಲಲಿಲ್ಲ.

ಆಂಟನೆಟ್ 1853ರ ಸೆಪ್ಟೆಂಬರ್ 15ರಂದು ನ್ಯೂಯಾರ್ಕ್ ರಾಜ್ಯದ ಸೌತ್ ಬಟ್ಲರ್ ಎಂಬ ಹಳ್ಳಿಯ ಚರ್ಚಿನಲ್ಲಿ ಪಾದ್ರಿ ದೀಕ್ಷೆ ಪಡೆದಳು. 1856ರಲ್ಲಿ ಹೆನ್ರಿಯ ಅಣ್ಣ ಸ್ಯಾಮ್ಯುಯೆಲ್‌ನನ್ನು ಮದುವೆಯಾದಳು. ಹೆಂಡತಿ ಪುಸ್ತಕ ಬರೆಯಲೆಂದು ಗಂಡ ಮನೆಗೆಲಸದಲ್ಲಿ ಕೈಜೋಡಿಸುವುದು ಆ ಕಾಲಕ್ಕೆ ಅಪರೂಪ. ಈ ಮನೆಯಲ್ಲಿ ಅದು ನಡೆಯಿತು. ಇವರ ಐವರು ಹೆಣ್ಣುಮಕ್ಕಳು ದೊಡ್ಡವರಾದರು. ಅವರಲ್ಲಿ ಇಬ್ಬರು ತಮ್ಮ ಸೋದರತ್ತೆಯರಂತೆ ವೈದ್ಯೆಯರಾದರು. ವಿಕಾಸವಾದಿಗಳು ಹೆಣ್ಣನ್ನು ಕೀಳೆಂದು ತೋರಿಸಿದ್ದಕ್ಕೆ ಉತ್ತರವಾಗಿ ಆಂಟನೆಟ್ 1875ರಲ್ಲಿ ಒಂದು ಗ್ರಂಥ ಬರೆದಳು. 1850ರ ಮೊದಲ ರಾಷ್ಟ್ರೀಯ ಮಹಿಳಾ ಹಕ್ಕುಗಳ ಸಮಾವೇಶದಲ್ಲಿ ಮಾತನಾಡಿದ ಅವಳು 1920ರಲ್ಲಿ, ತನ್ನ ತೊಂಬತ್ತೈದನೆಯ ವಯಸ್ಸಿನಲ್ಲಿ, ಮತ ಹಾಕಿದಳು. ಲೂಸಿ ಸತ್ತು ಆಗಲೇ 27 ವರ್ಷವಾಗಿತ್ತು.

ಉಳಿದ ಒಡಹುಟ್ಟಿದವರು

ಐವರು ಅಕ್ಕತಂಗಿಯರಲ್ಲಿ ಒಬ್ಬರೂ ಮದುವೆಯಾಗಲಿಲ್ಲ. ಹಿರಿಯಳು ಆ್ಯನಾ (1816–1900) ಪ್ಯಾರಿಸ್‌ನಲ್ಲಿ ನೆಲಸಿ ಪತ್ರಿಕೆಗಳಿಗೆ ವರದಿ ಬರೆದು ಬದುಕಿದಳು. ಜಾರ್ಜ್ ಸ್ಯಾಂಡ್‌ಳ ಕಾದಂಬರಿಯನ್ನೂ, ಪ್ರೇತಾತ್ಮವಾದದ ಪ್ರವರ್ತಕ ಅಲಾನ್ ಕಾರ್ಡೆಕ್‌ನ ಗ್ರಂಥಗಳನ್ನೂ ಇಂಗ್ಲಿಷಿಗೆ ಅನುವಾದಿಸಿದಳು. ಎಲೆನ್ ಚಿತ್ರಕಲಾವಿದೆ, ಲೇಖಕಿ. ಮೇರಿಯನ್‌ಗೆ ಆರೋಗ್ಯ ಸರಿಯಿರಲಿಲ್ಲ. ತಾಯಿಯನ್ನು ಕೊನೆಯವರೆಗೆ ನೋಡಿಕೊಂಡದ್ದು ಅವಳು. ಹವರ್ಡ್ 1866ರಲ್ಲಿ, ಇನ್ನೂ ಮೂವತ್ತೈದರ ಆಸುಪಾಸಿನಲ್ಲಿ, ತೀರಿಕೊಂಡ. ಅಮೆರಿಕದಲ್ಲಿ ಹುಟ್ಟಿದ ಜಾರ್ಜ್ ಭೂವ್ಯವಹಾರದಲ್ಲಿ ಹಣ ಮಾಡಿ, ಅಕ್ಕಂದಿರ ಉಳಿತಾಯವನ್ನು ನೋಡಿಕೊಳ್ಳುವವನಾದ.

ಮರಳಿ ಇಂಗ್ಲೆಂಡಿಗೆ

1858–59ರಲ್ಲಿ ಎಲಿಜಬೆತ್ ಇಂಗ್ಲೆಂಡಿಗೆ ಹೋಗಿದ್ದಾಗ ಅಲ್ಲಿನ ವೈದ್ಯರ ಅಧಿಕೃತ ಪಟ್ಟಿಯಲ್ಲಿ ಹೆಸರು ಬರೆಸಿದ ಮೊದಲ ಮಹಿಳೆಯಾದಳು. ಲಂಡನ್ನಿನಲ್ಲಿ ಅವಳು ಕೊಟ್ಟ ಉಪನ್ಯಾಸ ಕೇಳಿದವರಲ್ಲಿ ಎಲಿಜಬೆತ್ ಗ್ಯಾರೆಟ್ ಎಂಬ ತರುಣಿಯಿದ್ದಳು. ಮುಂದೆ ಅವಳೇ ಬ್ರಿಟನ್ನಿನಲ್ಲಿ ಓದಿ ಅರ್ಹತೆ ಪಡೆದ ಮೊದಲ ವೈದ್ಯೆ. 1869ರಿಂದ ಎಲಿಜಬೆತ್ ಇಂಗ್ಲೆಂಡಿನಲ್ಲೇ ನೆಲಸಿದಳು. 1874ರಲ್ಲಿ ಸೋಫಿಯಾ ಜೆಕ್ಸ್–ಬ್ಲೇಕ್ ಮುಂದಾಗಿ ಸ್ಥಾಪಿಸಿದ ಲಂಡನ್ ಮಹಿಳಾ ವೈದ್ಯ ಶಾಲೆಯಲ್ಲಿ ಸ್ತ್ರೀರೋಗಗಳ ಪಾಠಕ್ಕೆ ನೇಮಕಗೊಂಡಳು. ಬಾಲ್ಯವಿವಾಹವನ್ನು ಒಪ್ಪದೆ ನ್ಯಾಯಾಲಯದಲ್ಲಿ ಹೋರಾಡಿದ ಮುಂಬಯಿಯ ರಖ್ಮಾಬಾಯಿ 1894ರಲ್ಲಿ ವೈದ್ಯ ಶಿಕ್ಷಣ ಮುಗಿಸಿದ್ದು ಅದೇ ಶಾಲೆಯಲ್ಲಿ.

ಎಲಿಜಬೆತ್‌ಳ ನಂತರದ ಬರಹಗಳಲ್ಲಿ ನೈತಿಕ ಶುದ್ಧಿ, ಆರೋಗ್ಯ ಶಿಕ್ಷಣಗಳೇ ಮುಖ್ಯ. ಕೊಳಕು ಮತ್ತು ಇಕ್ಕಟ್ಟಿನಿಂದ ರೋಗವೆಂಬ ತನ್ನ ತಾರುಣ್ಯದ ಅರಿವಿಗೆ ಅವಳು ಎಷ್ಟು ಅಂಟಿಕೊಂಡಳೆಂದರೆ, ಸೂಕ್ಷ್ಮಾಣುಗಳ ಸಿದ್ಧಾಂತವನ್ನು ಸಂಶಯದಿಂದಲೇ ನೋಡಿದಳು. ಲಸಿಕೆಯನ್ನೂ ಪ್ರಾಣಿಗಳ ಮೇಲಿನ ಪ್ರಯೋಗಗಳನ್ನೂ ವಿರೋಧಿಸಿದಳು. ಈ ವಿಷಯದಲ್ಲಿ ಅವಳು ತಪ್ಪಿದಳು. ನ್ಯೂಯಾರ್ಕಿನಲ್ಲಿ ಹೊಸ ವಿಜ್ಞಾನವನ್ನು ಕಾಲೇಜಿಗೆ ತಂದವಳು ಎಮಿಲಿ. 1895ರಲ್ಲಿ ಎಲಿಜಬೆತ್ ತನ್ನ ಆತ್ಮಕಥೆಯನ್ನು ಪ್ರಕಟಿಸಿದಳು. 1910ರ ಮೇ 31ರಂದು ಹೇಸ್ಟಿಂಗ್ಸ್‌ನ ಮನೆಯಲ್ಲಿ ತೀರಿಕೊಂಡಳು. ಸಮಾಧಿ ಸ್ಕಾಟ್ಲೆಂಡಿನ ಕಿಲ್‌ಮನ್ ಎಂಬ ಹಳ್ಳಿಯಲ್ಲಿದೆ. ಮೂರು ತಿಂಗಳ ಮೇಲೆ, ಸೆಪ್ಟೆಂಬರ್ 7ರಂದು, ಸಮುದ್ರದ ಆಚೆ ದಡದಲ್ಲಿ ಎಮಿಲಿಯೂ ಹೋದಳು.

ಕಾಗದಪತ್ರಗಳು, ಕಿಟ್ಟಿ ಬ್ಯಾರಿ

ಬ್ಲ್ಯಾಕ್‌ವೆಲ್ಲರು ಎಲ್ಲಿದ್ದರೂ ಒಬ್ಬರಿಗೊಬ್ಬರು ಬರೆಯುತ್ತಿದ್ದರು. ಒಬ್ಬರಿಗೆ ಬಂದ ಪತ್ರವನ್ನು ಉಳಿದವರೂ ಓದಿ ಮುಂದೆ ದಾಟಿಸುತ್ತಿದ್ದರು. ಅಮೆರಿಕದ ಲೈಬ್ರರಿ ಆಫ್ ಕಾಂಗ್ರೆಸ್ಸಿನಲ್ಲಿ ಈ ಕುಟುಂಬದ ಸುಮಾರು 29,000 ಕಾಗದಗಳಿವೆ. ಹಾರ್ವರ್ಡಿಗೆ ಸೇರಿದ ಶ್ಲೆಸಿಂಜರ್ ಗ್ರಂಥಾಲಯದಲ್ಲಿಯೂ ದೊಡ್ಡ ಸಂಗ್ರಹವಿದೆ. ಹಣದ ಚಿಂತೆ, ಅಸೂಯೆ, ಮನಸ್ತಾಪ, ಮಕ್ಕಳ ಕೆಮ್ಮು ಯಾವುದನ್ನೂ ಅವರು ಬಿಟ್ಟಿಲ್ಲ. ಲೂಸಿ ಮತ್ತು ನಾದಿನಿ ಎಲಿಜಬೆತ್‌ಳ ನಡುವೆ ಪೂರ್ತಿ ಹೊಂದಿಕೆಯಿರಲಿಲ್ಲ ಎಂಬುದೂ ಇವುಗಳಿಂದಲೇ ತಿಳಿಯುತ್ತದೆ. ಹೆಣ್ಣು ಮೊದಲು ಕೆಲಸದಿಂದ ಯೋಗ್ಯತೆ ತೋರಿಸಲಿ, ಹಕ್ಕು ತಾನಾಗಿ ಬರುತ್ತದೆಂಬುದು ಎಲಿಜಬೆತ್‌ಳ ನಂಬಿಕೆ. ಹಕ್ಕಿಲ್ಲದೆ ಕೆಲಸಕ್ಕೆ ಜಾಗವೆಲ್ಲಿ ಎಂಬುದು ಲೂಸಿಯ ಪ್ರಶ್ನೆ.

ಮದುವೆಯಾಗದ ಅಕ್ಕತಂಗಿಯರಲ್ಲಿ ಹಲವರು ಮಕ್ಕಳನ್ನು ದತ್ತು ತೆಗೆದುಕೊಂಡು ಸಾಕಿದರು. ಎಲಿಜಬೆತ್ ಏಕಾಂಗಿತನ ತಾಳಲಾರದೆ 1854ರಲ್ಲಿ ನ್ಯೂಯಾರ್ಕಿನ ರ‍್ಯಾಂಡಲ್ಸ್ ದ್ವೀಪದ ಅನಾಥಾಲಯದಿಂದ ಕ್ಯಾಥರಿನ್ ಬ್ಯಾರಿ ಎಂಬ ಏಳರ ಆಸುಪಾಸಿನ ಐರಿಷ್ ಹುಡುಗಿಯನ್ನು ಮನೆಗೆ ತಂದಳು. ಎಲ್ಲರ ಬಾಯಲ್ಲೂ ಅವಳು ಕಿಟ್ಟಿ. ಹೆಂಗಸರೇ ವೈದ್ಯರಾಗಿದ್ದ ಮನೆಯಲ್ಲಿ ಬೆಳೆದ ಆ ಮಗು, ಒಮ್ಮೆ ಮನೆಗೆ ಬಂದ ಗಂಡಸನ್ನು ಯಾರೋ ‘ಡಾಕ್ಟರ್’ ಎಂದು ಕರೆದದ್ದು ಕೇಳಿ ಬೆರಗಾಯಿತಂತೆ. ಕಿಟ್ಟಿಯ ಸ್ಥಾನ ಮಗಳದೋ, ಮನೆಗೆಲಸದವಳದೋ, ಕಾರ್ಯದರ್ಶಿಯದೋ ಎಂದು ಖಚಿತವಾಗಿ ಹೇಳುವುದು ಕಷ್ಟ, ಮೂರೂ ಆಗಿದ್ದಳು. ಎಲಿಜಬೆತ್ ಅವಳನ್ನು ಓದಿಸಿದಳು, ಪ್ರೀತಿಸಿದಳು. ಆದರೆ ಅವಳಿಗೊಂದು ಬೇರೆ ಬದುಕು ಕಟ್ಟಿಕೊಳ್ಳಲು ಬಿಡಲಿಲ್ಲ. ಒಂದು ಕಣ್ಣಿನ ಡಾಕ್ಟರಮ್ಮನಿಗೆ ಓದಿ ಹೇಳುತ್ತ, ಮನೆ ತೂಗಿಸುತ್ತ ಕಿಟ್ಟಿ ಐವತ್ತಾರು ವರ್ಷ ಜೊತೆಗಿದ್ದಳು. ಎಲಿಜಬೆತ್ ಸತ್ತ ಕೆಲವು ವರ್ಷಗಳ ಮೇಲೆ ಮತ್ತೆ ಸಮುದ್ರ ದಾಟಿ ಅಮೆರಿಕದಲ್ಲಿದ್ದ ಬ್ಲ್ಯಾಕ್‌ವೆಲ್ಲರ ಬಳಿಗೆ ಬಂದು ಅವರ ಮನೆತನದ ಹೆಸರನ್ನೇ ಇಟ್ಟುಕೊಂಡಳು. 1936ರಲ್ಲಿ ಸಾಯುವಾಗ ತನ್ನ ಬೂದಿಯನ್ನು ಎಲಿಜಬೆತ್‌ಳ ಜೊತೆಯಲ್ಲಿಯೇ ಮಣ್ಣು ಮಾಡಬೇಕೆಂದು ಕೇಳಿಕೊಂಡಳು.